ಕಲ್ಲಿನ ಮೇಲಿನ ಕಾರು – ಏಳನೆಯ ಕಂತು: ನಾಲ್ಕು ಒಣ ನಿಂಬೆಹಣ್ಣು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪತ್ತೇದಾರಿಕೆ ನನ್ನ ಕೆಲಸವಲ್ಲ. ತರೀಕೆರೆಯ ಸಾರಿಗೆ ಕಚೇರಿಯ ಎದುರು ಒಂದು ಮೇಜು, ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಡುವವಳು ನಾನು, ಸೌಮ್ಯ. ಹಗಲು ದುಡಿದು, ಕಡೂರಿನಲ್ಲಿ ಸಂಜೆ ತರಗತಿಗೆ ಹೋಗಿ ಪದವಿ ಮುಗಿಸಿದ್ದೇನೆ. ಪೊಲೀಸರು ನೋಡಿದ್ದನ್ನು ಮತ್ತೊಮ್ಮೆ ನೋಡು ಎಂದು ನನಗೆ ಯಾರೂ ಹೇಳಿಲ್ಲ. ಆದರೂ ಹೇಳಲು ಹೊರಟಿದ್ದೇನೆ. ಏಕೆಂದರೆ ಆ ಕಾರಿನ ಮುಚ್ಚಳಿಕೆ ಬರೆದದ್ದು ನನ್ನ ಕೈ. ತಪ್ಪು ಎಲ್ಲಿಯೇ ಇರಲಿ, ಅದರ ಮೊದಲ ಸಾಲು ನನ್ನದು.

"ಟಾರ್ಪಾಲು ತೆಗೀರಿ."

ಅಜ್ಜಂಪುರ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಹೊನ್ನೇಶ್ ಹೇಳಿದ್ದು ಅಷ್ಟೇ. ಕಾರಿನ ಒಡತಿ ಬದ್ರುನ್ನೀಸಾ ತಾವೇ ಮುಂದೆ ಬಂದು ಮೂಲೆಯ ಹಗ್ಗ ಬಿಚ್ಚಿದರು. ಅರವತ್ತು ದಾಟಿದ ಹೆಂಗಸು. ಬಿಳಿ ದುಪಟ್ಟಾ ತಲೆಯಿಂದ ಜಾರದಂತೆ ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು.

ಟಾರ್ಪಾಲು ಸರಿಯಿತು. ಶೆಡ್ಡಿನ ಅರೆಬೆಳಕಿನಲ್ಲಿ ಬಿಳಿಯ ಅಂಬಾಸಿಡರ್ ಕಾಣಿಸಿತು. ನಂಬರ್ ಪ್ಲೇಟ್ ಇದ್ದ ಕಡೆ ಎರಡು ತೂತು ಮಾತ್ರ. ಚಕ್ರಗಳ ಪಕ್ಕದಲ್ಲಿ ನಾಲ್ಕು ದಪ್ಪ ಕಲ್ಲು. ಕಾರಿನ ಭಾರವೆಲ್ಲ ಆ ಕಲ್ಲುಗಳ ಮೇಲೆ. ಚಕ್ರಗಳು ನೆಲದಿಂದ ಮೂರು ಬೆರಳು ಮೇಲೆ ತೂಗುತ್ತಿದ್ದವು.

ಭಾನುವಾರ ಬೆಳಗ್ಗೆ ಆರರ ಹೊತ್ತಿಗೆ ಊರ ಹೊರಗಿನ ಮೋರಿಯ ಬಳಿ ಒಂದು ಕಾರು, ಈರುಳ್ಳಿ ವ್ಯಾಪಾರಿ ಈರಭದ್ರಪ್ಪನವರ ಮೊಪೆಡ್ಡಿಗೆ ಸವರಿಕೊಂಡು ಹೋಗಿತ್ತು. ಅವರು ಮೋರಿಗೆ ಬಿದ್ದು ತಲೆಗೆ ಪೆಟ್ಟಾಗಿ, ಶಿವಮೊಗ್ಗದ ಆಸ್ಪತ್ರೆಯಲ್ಲಿ ಇನ್ನೂ ಪ್ರಜ್ಞೆ ಇಲ್ಲದೆ ಮಲಗಿದ್ದರು. ಯಗಟಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ದುರ್ಗಮ್ಮ ಎಂಬಾಕೆ ಆ ಕಾರನ್ನು ನೋಡಿದ್ದಳು. ಹಳೇ ಕಾಲದ ಬಿಳಿ ಕಾರು, ನಂಬರ್ ಇರಲಿಲ್ಲ, ಓಡಿಸುವವರ ತಲೆಯ ಮೇಲೆ ಬಿಳಿಯದು ಏನೋ ಇತ್ತು. ಅವಳು ಹೇಳಿದ್ದು ಇಷ್ಟು.

ಅಜ್ಜಂಪುರದಲ್ಲಿ ನಂಬರ್ ಇಲ್ಲದ ಬಿಳಿ ಅಂಬಾಸಿಡರ್ ಇದ್ದದ್ದು ಒಂದೇ ಮನೆಯಲ್ಲಿ. ಅದು ಇದೇ ಮನೆ. ಬದ್ರುನ್ನೀಸಾ ಅವರ ಮಗ ಅಶ್ಫಾಕ್ ಕಡೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. "ನಂಬರಿಲ್ಲದ ಗುಜರಿ ಊರ ಮಧ್ಯೆ ಯಾಕೆ" ಎಂದು ಈರಭದ್ರಪ್ಪ ಪಟ್ಟಣ ಪಂಚಾಯಿತಿಗೆ ಎರಡು ಸಲ ಅರ್ಜಿ ಕೊಟ್ಟಿದ್ದರು. ಎರಡನೆಯ ಸಲ ಅಶ್ಫಾಕ್ ಸಂತೆಯಲ್ಲೇ ಅವರ ಜತೆ ಜಗಳವಾಡಿದ್ದ. ಸೋಮವಾರ ಸಂಜೆ ಅವನನ್ನು ಕಡೂರಿನಿಂದ ಠಾಣೆಗೆ ಕರೆತಂದರು. ಇವತ್ತು ಮಂಗಳವಾರ. ಕಾರು ಹೊರಗೆ ಹೋಗಿತ್ತು ಎಂದಾದರೆ ಸಂಜೆಯೊಳಗೆ ಅವನು ತರೀಕೆರೆಯ ಕೋರ್ಟಿನಲ್ಲಿ, ಆಮೇಲೆ ಜೈಲಿನಲ್ಲಿ. ಹೋಗಿರಲಿಲ್ಲ ಎಂದಾದರೆ ಮನೆಯಲ್ಲಿ.

ಬೆಳಗಿನ ಬಸ್ಸಿಗೆ ನಾನು ತರೀಕೆರೆಯಿಂದ ಓಡಿ ಬಂದದ್ದು ಇದಕ್ಕೆ.

"ನೀವ್ಯಾರ್ರೀ?" ಹೊನ್ನೇಶ್ ನನ್ನ ಕಡೆ ತಿರುಗಿದರು.

"ಇವರ ಅರ್ಜಿ ಬರೆದವಳು ಸಾರ್."

"ಅರ್ಜಿ ಬರೆಯೋರೆಲ್ಲ ಸ್ಪಾಟಿಗೆ ಬರೋಕೆ ಶುರುಮಾಡಿದ್ರೆ ನಾವು ಮನೇಲಿ ಈರುಳ್ಳಿ ಹೆಚ್ಚಬೇಕಾಗುತ್ತೆ." ಅವರು ನಕ್ಕರು. ಕೆಟ್ಟ ನಗೆಯಲ್ಲ. "ಬಂದಿದ್ದೀರಲ್ಲ, ನೀವೇ ಹೇಳಿ. ನೋಂದಣಿ ಇಲ್ಲದ ಕಾರನ್ನ ಮನೇಲಿ ಇಟ್ಕೊಂಡಿರೋದೇ ಅಪರಾಧ ಅಲ್ವಾ? ಅಲ್ಲಿಂದಾನೇ ಕೇಸ್ ಶುರು ಮಾಡಬಹುದು."

ಈ ಪ್ರಶ್ನೆಗೆ ಉತ್ತರ ನನಗೆ ನಿದ್ದೆಯಲ್ಲೂ ಬರುತ್ತದೆ. ವಾರಕ್ಕೆ ಮೂರು ಜನ ಇದನ್ನೇ ಕೇಳುತ್ತಾರೆ.

"ಅಲ್ಲ ಸಾರ್. ನೋಂದಣಿ ಇಲ್ಲದ ಗಾಡೀನ ರಸ್ತೆಗೆ ಇಳಿಸೋದು ಅಪರಾಧ. ಸ್ವಂತ ಜಾಗದಲ್ಲಿ, ಗೋಡೆ ಒಳಗೆ, ಮುಚ್ಚಿ ಇಟ್ಕೊಳ್ಳೋದು ಅಪರಾಧ ಅಲ್ಲ. ಅವಧಿ ಮುಗೀತು, ಇವರು ನವೀಕರಿಸಲಿಲ್ಲ. ಬಳಸ್ತಾ ಇಲ್ಲ, ಇಂಥ ಜಾಗದಲ್ಲಿ ನಿಲ್ಲಿಸಿದ್ದೀವಿ, ತಿಳಿಸದೆ ಹೊರಗೆ ತೆಗೆಯಲ್ಲ ಅಂತ ಮುಚ್ಚಳಿಕೆ ಬರೆದುಕೊಟ್ಟಿದ್ದಾರೆ. ಆರ್‌ಸಿ ವಾಪಸ್ ಕೊಟ್ಟಿದ್ದಾರೆ. ಸಾರಿಗೆ ಕಚೇರಿಯ ಇನ್‌ಸ್ಪೆಕ್ಟರ್ ಬಂದು ನೋಡಿ ಸಹಿ ಹಾಕಿದ್ದಾರೆ."

"ಕಾಗದ?"

"ಡಬ್ಬಿಯಲ್ಲಿ ಇದೆ," ಎಂದರು ಬದ್ರುನ್ನೀಸಾ.

ಒಳಗಿನಿಂದ ಅವರು ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದರು. ಮುಚ್ಚಳ ತೆಗೆದು, ಮೇಲಿದ್ದ ಕಂದುಬಣ್ಣದ ಗೋಲಿಗಳನ್ನು ಮಡಿಲಿಗೆ ಸುರಿದುಕೊಂಡು, ತಳದಿಂದ ಕಾಗದ ಎಳೆದರು. ಹೊನ್ನೇಶ್ ಬಗ್ಗಿ ನೋಡಿದರು.

"ಇದೇನಮ್ಮ, ಉಪ್ಪಿನಕಾಯಿಗಾ?"

"ಅಲ್ಲ ಸಾಹೇಬ್ರೇ. ಕಾರಿನ ನಿಂಬೆಹಣ್ಣು. ಎರಡು ವರ್ಷದ್ದು."

"ಕಾರಿಗೂ ನಿಂಬೆಹಣ್ಣಾ?"

"ಅದು ನನ್ ಕೆಲ್ಸ ಕಣಪ್ಪಾ!"

ಧ್ವನಿ ಬಂದದ್ದು ಬಾಗಿಲಿನಿಂದ. ಪಕ್ಕದ ಮನೆಯ ಕರಿಬಸಮ್ಮ, ಹಣೆ ತುಂಬ ವಿಭೂತಿ, ಸೊಂಟದ ಮೇಲೆ ಕೈ. ಹಿಂದೆ ಅವರ ಯಜಮಾನರು ಸೋಮಶೇಖರಪ್ಪ, ಮಾತಿಗೆ ಅವಕಾಶ ಸಿಗದೆ ಅಭ್ಯಾಸವಾದವರಂತೆ ಸುಮ್ಮನೆ ನಿಂತಿದ್ದರು.

"ನನ್ ಮಗಳು ದಿನ ತುಂಬಿದ್ಲು. ಅವತ್ತು ಬಸ್ಸೆಲ್ಲ ಬಂದ್," ಎಂದು ಕರಿಬಸಮ್ಮ ಶುರುಮಾಡಿದರು. "ಫಕ್ರುದ್ದೀನಣ್ಣ ಉಣ್ತಾ ಕೂತಿದ್ದೋರು ತಟ್ಟೆ ಬಿಟ್ಟೆದ್ದು ಇದೇ ಕಾರು ತೆಗುದ್ರು. ತರೀಕೆರೆ ಆಸ್ಪತ್ರೆ ಎಲ್ಲಿ ಬಂತು? ಅಮೃತಾಪುರದ ಕೈಮರದ ಹತ್ರಾನೇ ಕೂಸು ಹುಟ್ಟೋಯ್ತು, ಹಿಂದಿನ ಸೀಟಲ್ಲಿ. ಇದು ನನ್ ಮೊಮ್ಮಗ ಹುಟ್ಟಿದ ಮನೆ ಕಣಪ್ಪಾ. ಆಯುಧಪೂಜೇಲಿ ನಮ್ಮನೆ ಟ್ರ್ಯಾಕ್ಟರ್‌ಗಿಂತ ಮುಂಚೆ ಇದಕ್ಕೆ ಪೂಜೆ. ಕುಂಬಳಕಾಯಿ ಒಡೀತೀನಿ, ನಾಲ್ಕು ಗಾಲಿಗೂ ನಿಂಬೆಹಣ್ಣು ಇಡ್ತೀನಿ. ಬದ್ರಮ್ಮ ಒಂದ್ ದಿನ ಬ್ಯಾಡ ಅಂದಿಲ್ಲ."

"ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಬೇಕಲ್ಲಮ್ಮ?"

"ಇದು ಹತ್ತೋ ಗಾಡಿನಾ? ಕಲ್ಲಿನ್ ಮೇಲೆ ಕೂತೈತೆ. ಇಟ್ಟಿದ್ದು ಹಂಗೇ ಒಣಗ್ತದೆ. ಮುಂದಿನ ಹಬ್ಬಕ್ಕೆ ಬದ್ರಮ್ಮ ಎತ್ತಿ ಡಬ್ಬೀಗೆ ಹಾಕ್ತಾಳೆ. ತುಳೀಬಾರ್ದಲ್ಲ."

"ಅವರು ಹೋಗೋ ಮುಂಚೆ ಹೇಳಿದ್ರು," ಎಂದರು ಬದ್ರುನ್ನೀಸಾ ಮೆಲ್ಲಗೆ. "ಕರಿಬಸಕ್ಕ ಪ್ರೀತಿಯಿಂದ ಇಟ್ಟಿದ್ದು, ಬಿಸಾಕಬೇಡ ಅಂತ." ಮಡಿಲಿನಲ್ಲಿದ್ದವನ್ನೆಲ್ಲ ಮತ್ತೆ ಡಬ್ಬಿಗೆ ತುಂಬಿದರು.

ಬದ್ರುನ್ನೀಸಾ ಅವರ ಗಂಡ ಫಕ್ರುದ್ದೀನ್ ತೀರಿಕೊಂಡು ಎರಡು ವರ್ಷ. ಕಾರನ್ನು ಕಲ್ಲಿನ ಮೇಲೆ ಏರಿಸಿದ್ದು ಅವರೇ, ಅದಕ್ಕೂ ಸ್ವಲ್ಪ ಮುಂಚೆ. ಅದು ಕಲ್ಲಿನ ಮೇಲೆ ಕಂಡ ಆಯುಧಪೂಜೆಗಳು ಮೂರು. ಮೊದಲ ಎರಡರ ನಿಂಬೆಹಣ್ಣು ಡಬ್ಬಿಯಲ್ಲಿ. ಮೂರನೆಯದರದ್ದು ಚಕ್ರಗಳ ಕೆಳಗೆ ಇರಬೇಕು.

ನನ್ನ ತಲೆಯಲ್ಲಿ ಏನೋ ಮಿಂಚಿದ್ದು ಆಗ. ಆದರೆ ಹೊನ್ನೇಶ್ ಅಷ್ಟರಲ್ಲಿ ಕಾಗದ ಓದಿ ಮುಗಿಸಿದ್ದರು.

"ಕಾಗದ ಸರಿ ಇದೆ. ಒಪ್ಪಿದೆ," ಎಂದರು. "ಆದ್ರೆ ಕಾಗದ ಕಾರನ್ನ ಹಿಡಿದು ನಿಲ್ಲಿಸಲ್ಲ. ಬನ್ನಿ, ಕಾರನ್ನೇ ಕೇಳೋಣ."

ಮನುಷ್ಯ ಕೆಲಸ ಬಲ್ಲವರು. ಅವರು ಮೊದಲು ಮಾಡಿದ್ದು ಟೈರನ್ನು ಒತ್ತಿ ನೋಡುವುದು.

"ಮೂರು ವರ್ಷ ನಿಂತ ಕಾರಿಗೆ ಟೈರ್ ತುಂಬ ಗಾಳಿ?"

"ತಿಂಗಳಿಗೊಂದು ಸಲ ಅಶ್ಫಾಕ್ ಹೊಡೀತಾನೆ," ಎಂದರು ಬದ್ರುನ್ನೀಸಾ. "ಇಲ್ದಿದ್ರೆ ರಬ್ಬರ್ ಬಿರಿಯುತ್ತಂತೆ."

"ಬ್ಯಾಟರಿ?"

"ತೆಗೆದು ಕಡೂರಿನ ಗ್ಯಾರೇಜಿಗೆ ಕೊಟ್ಟಿದ್ದಾನೆ."

"ಗ್ಯಾರೇಜಲ್ಲಿ ಇರೋನಿಗೆ ಇನ್ನೊಂದು ಬ್ಯಾಟರಿ ತರೋದು ಎಷ್ಟ್ ಹೊತ್ತು?" ಅವರು ಮುಂದಕ್ಕೆ ಹೋದರು. ಬಂಪರ್‌ನ ಎಡಮೂಲೆ ಒಳಕ್ಕೆ ತಗ್ಗಾಗಿತ್ತು. "ಇದು?"

"ಅದು ನಮ್ಮನೆ ಗೇಟಿನ ಕಂಬ!" ಕರಿಬಸಮ್ಮ ಅವಸರದಿಂದ ಹೇಳಿದರು. "ಮಗಳನ್ನ ಹತ್ತಿಸ್ಕೊಂಡ್ ಹೊರಟಾಗ ಗುದ್ದಿದ್ದು. ಬಾರಪ್ಪಾ, ಕಂಬ ತೋರಿಸ್ತೀನಿ. ಇವರಿಗೆ ಸರಿಮಾಡ್ಸಿ ಅಂತ ಹೇಳಿ ಹೇಳಿ ಸಾಕಾಯ್ತು."

"ಮಾಡಿಸ್ತೀನಿ ಕಣೇ," ಎಂದರು ಸೋಮಶೇಖರಪ್ಪ. ಆ ಬೆಳಗ್ಗೆ ನಾನು ಅವರ ಬಾಯಿಂದ ಕೇಳಿದ ಮೊದಲ ಮಾತು ಅದು.

ತಗ್ಗಿನ ಒಳಗೆ ತುಕ್ಕು ಹಿಡಿದಿತ್ತು. ಹಳೆಯದು ಎಂದು ಹೊನ್ನೇಶ್‌ಗೂ ಗೊತ್ತಾಯಿತು. ಆದರೆ ಮೊಪೆಡ್ಡಿಗೆ ಸವರಿಕೊಂಡು ಹೋದ ಕಾರಿಗೆ ಹೊಸ ತಗ್ಗು ಬೀಳಲೇಬೇಕೆಂದೂ ಇಲ್ಲ. ಅವರು ನೆಲ ನೋಡಿದರು. ಗುಡಿಸಿದ ಮಣ್ಣುನೆಲ. ಗಾಲಿಯ ಗುರುತಿಲ್ಲ.

"ಗುಡಿಸಿದ್ದೀರಿ."

"ಪ್ರತಿ ಶುಕ್ರವಾರ ಗುಡಿಸ್ತೀನಿ. ಪೊರಕೆಗೆ ಕೇಸ್ ಇದೆಯಾ ಸಾಹೇಬ್ರೇ?"

ಜತೆಗೆ ಬಂದಿದ್ದ ಕಾನ್‌ಸ್ಟೇಬಲ್ ಒಬ್ಬ ನಕ್ಕ. ಹೊನ್ನೇಶ್ ನಗಲಿಲ್ಲ. ಕೈಯ ಧೂಳು ಕೊಡವಿದರು. ಮಹಜರು ಬರೆಯುವ ಹಾಳೆಯನ್ನು ಬಾನೆಟ್ ಮೇಲೆ ಇಟ್ಟರು. ಆ ಹಾಳೆಯಲ್ಲಿ ಬರುವುದೇ ಅಶ್ಫಾಕ್‌ನ ಸಂಜೆಯನ್ನು ತೀರ್ಮಾನಿಸುತ್ತದೆ.

"ಟೈರಲ್ಲಿ ಗಾಳಿ ಇದೆ. ನೆಲ ಗುಡಿಸಿದೆ. ಇಳಿಸೋ ಜಾಕು ಮಗನ ಕೈಯಲ್ಲಿದೆ. ಕಾರು ಹೊರಗೆ ಹೋಗಿರೋ ಸಾಧ್ಯತೆ ಇದೆ ಅಂತ ಬರೀತೀನಿ. ಮಿಕ್ಕಿದ್ದು ಕೋರ್ಟು ನೋಡ್ಕೊಳ್ಳುತ್ತೆ."

ಬದ್ರುನ್ನೀಸಾ ಕಾರಿನ ಬಾಗಿಲನ್ನು ಹಿಡಿದುಕೊಂಡರು.

ನಾನು ಸಾಮಾನ್ಯವಾಗಿ ಎರಡು ಸಲ ಯೋಚಿಸದೆ ಬಾಯಿ ತೆರೆಯುವವಳಲ್ಲ. ಅವತ್ತು ಒಂದು ಸಲವೂ ಯೋಚಿಸಲಿಲ್ಲ.

"ಸಾರ್, ಚಕ್ರದ ಕೆಳಗೆ ನೋಡಿ."

"ಏನಿದೆ?"

"ನಿಂಬೆಹಣ್ಣು."

ನಾನು ಮಂಡಿಯೂರಿ ಮೊಬೈಲಿನ ಬೆಳಕು ಬಿಟ್ಟೆ. ಮುಂದಿನ ಎಡಚಕ್ರದ ನೇರ ಕೆಳಗೆ ಒಂದು, ಕಂದಾಗಿ ಕಲ್ಲಿನಂತೆ ಒಣಗಿದ್ದು. ಮುಂದಿನ ಬಲಕ್ಕೆ ಒಂದು. ಹಿಂದಕ್ಕೆ ಹೋದೆ. ಬಲಕ್ಕೆ ಒಂದು, ಎಡಕ್ಕೆ ಒಂದು. ನಾಲ್ಕೂ ಇಡಿಯಾಗಿದ್ದವು.

"ಹಬ್ಬ ಆಗಿದ್ದು ಅಕ್ಟೋಬರ್‌ನಲ್ಲಿ," ಎಂದೆ. "ಆವತ್ತಿಂದ ಇವು ಇಲ್ಲೇ ಇವೆ. ಕಾರನ್ನ ರಸ್ತೆಗೆ ತರಬೇಕಾದ್ರೆ ಮೊದಲು ಕಲ್ಲಿನಿಂದ ಇಳಿಸಬೇಕು. ಇಳಿಸಿದ್ರೆ ಚಕ್ರ ಕೂರೋದು ಇವುಗಳ ಮೇಲೆ. ಒಣ ನಿಂಬೆಹಣ್ಣು ಸಾರ್, ಇಷ್ಟು ದೊಡ್ಡ ಕಾರು ಕೂತರೆ ಪುಡಿ ಆಗುತ್ತೆ. ಒಂದೂ ಆಗಿಲ್ಲ."

ಹೊನ್ನೇಶ್ ಬಗ್ಗಿದರು. ಒಂದೊಂದು ಚಕ್ರದ ಬಳಿಯೂ ಕುಳಿತು ನೋಡಿದರು. ನಾಲ್ಕನೆಯದರ ಬಳಿ ಸ್ವಲ್ಪ ಹೆಚ್ಚು ಹೊತ್ತು ಕುಳಿತರು. ಆಮೇಲೆ ಎದ್ದು ನನ್ನನ್ನೇ ನೋಡುತ್ತ ಹೇಳಿದರು:

"ಜಾಣೆ. ಆದ್ರೆ ಒಂದು ಮರೆತ್ರಿ. ಮೊದಲು ನಿಂಬೆಹಣ್ಣು ಎತ್ತಿಟ್ಟು, ಕಾರ್ ಇಳಿಸಿ, ಓಡಿಸಿ, ವಾಪಸ್ ತಂದು ಏರಿಸಿ, ಮತ್ತೆ ಇಟ್ರೆ?"

"ಯಾರು ಎತ್ತುತ್ತಾರೆ ಸಾರ್?"

"ಅಶ್ಫಾಕ್."

"ದೃಷ್ಟಿಗೆ ಇಟ್ಟ ನಿಂಬೆಹಣ್ಣನ್ನ?"

ಕರಿಬಸಮ್ಮ ಕೆನ್ನೆ ಬಡಿದುಕೊಂಡರು. "ಅಯ್ಯೋ ನನ್ನಪ್ಪಾ, ಅದನ್ನ್ ಮುಟ್ತಾರಾ ಯಾರಾದ್ರೂ? ಅಶ್ಫಾಕು ಸಣ್ಣೋನಿದ್ದಾಗ ಒಂದಿನ ಚೆಂಡು ಆಡಕ್ಕೆ ಅಂತ ಎತ್ಕೊಂಡಿದ್ದ. ಅವರಪ್ಪ ಅಲ್ಲ, ನಾನೇ ಬಾರಿಸಿದ್ದು. ಅವತ್ತಿಂದ ಕಣ್ಣೆತ್ತಿ ನೋಡಲ್ಲ."

"ಅವೆಲ್ಲ ನಂಬಿಕೆ ಮಾತು ಅಮ್ಮ. ಅವಸರದಲ್ಲಿರೋನು ಎಲ್ಲಾನೂ ಮುಟ್ತಾನೆ."

"ನೀವು ಮುಟ್ತೀರಾ ಸಾರ್?" ಎಂದೆ.

ನನ್ನ ಧ್ವನಿ ನನಗೇ ಬೇರೆಯವರದಂತೆ ಕೇಳಿಸಿತು.

"ಏನು?"

"ಬೆಳಗ್ಗೆ ಜೀಪಿಂದ ಇಳಿದು ನಡ್ಕೊಂಡ್ ಬರುವಾಗ ಮೂರುದಾರಿಯಲ್ಲಿ ಯಾರೋ ನಿವಾಳಿಸಿ ಎಸೆದ ನಿಂಬೆಹೋಳು ಬಿದ್ದಿತ್ತು. ನೀವು ಫೋನಲ್ಲಿ ಮಾತಾಡ್ತಾ ಇದ್ರಿ. ಮಾತು ನಿಲ್ಲಿಸಲಿಲ್ಲ. ಆದ್ರೆ ಬೂಟು ಪಕ್ಕಕ್ಕೆ ತಿರುಗ್ತು. ನಾನು ನಿಮ್ಮ ಹಿಂದೇನೇ ಇದ್ದೆ. ನಾನೂ ಸುತ್ತಿ ಬಂದೆ. ಈಗ್ಲೂ ನಾವಿಬ್ರೂ ನಾಲ್ಕು ಚಕ್ರದ ಹತ್ರ ಕೂತು ನೋಡಿದ್ವಿ. ನೀವು ಒಂದನ್ನೂ ಕೈಯಲ್ಲಿ ಎತ್ತಿ ನೋಡಲಿಲ್ಲ. ನಾನೂ ಎತ್ತಲಿಲ್ಲ."

ಹೊರಗೆ ಈರುಳ್ಳಿ ಲಾರಿಯೊಂದು ಗೇರ್ ಬದಲಿಸಿದ್ದು ಕೇಳಿಸಿತು.

ಹೊನ್ನೇಶ್ ತಮ್ಮ ಬೂಟಿನ ಕಡೆ ನೋಡಿಕೊಂಡರು. ಆಮೇಲೆ ನಕ್ಕುಬಿಟ್ಟರು.

"ನಮ್ಮಮ್ಮ ಸಖರಾಯಪಟ್ಟಣದೋಳು ಕಣ್ರೀ," ಎಂದರು. "ನಿಂಬೆಹಣ್ಣು ದಾಟಿ ಬಂದ್ರೆ ಮನೆ ಒಳಗೇ ಸೇರಿಸ್ತಿರಲಿಲ್ಲ. ಸರಿ. ಎಷ್ಟಿವೆ ಅಂದ್ರಿ?"

"ನಾಲ್ಕು."

ಅವರು ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು: ವಾಹನದ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ಒಣಗಿದ ನಿಂಬೆಹಣ್ಣುಗಳು ಇಟ್ಟ ಸ್ಥಿತಿಯಲ್ಲೇ ಇದ್ದು, ಒಂದೂ ಜಜ್ಜಿರುವುದಿಲ್ಲ, ವಾಹನವನ್ನು ಇತ್ತೀಚೆಗೆ ಕೆಳಗಿಳಿಸಿದ ಕುರುಹು ಕಂಡುಬರುವುದಿಲ್ಲ. ಪಂಚರಾಗಿ, ಅಂದರೆ ಮಹಜರಿನ ಸಾಕ್ಷಿಗಳಾಗಿ, ಸೋಮಶೇಖರಪ್ಪನವರೂ ನಾನೂ ಸಹಿ ಹಾಕಿದೆವು. ಪೂರ್ತಿ ಹೆಸರು, ತಂದೆಯ ಹೆಸರು, ತಾರೀಕು. ಬೇರೆಯವರ ಅರ್ಜಿಗಳನ್ನು ತಪ್ಪಿಲ್ಲದಂತೆ ಬರೆಯುವುದೇ ನನ್ನ ಹೊಟ್ಟೆಪಾಡು. ನನ್ನದೇ ಸಹಿಯನ್ನು ಅಷ್ಟು ಚೆಂದವಾಗಿ ನಾನು ಎಂದೂ ಮಾಡಿರಲಿಲ್ಲ.

"ಹುಡುಗನ್ನ ಸಂಜೆ ಮನೆಗೆ ಕಳಿಸ್ತೀನಿ," ಎಂದು ಹೊನ್ನೇಶ್ ಬದ್ರುನ್ನೀಸಾಗೆ ಹೇಳಿದರು. "ಊರು ಬಿಟ್ಟು ಹೋಗಬಾರದು ಅಷ್ಟೆ. ಈರಭದ್ರಪ್ಪ ಕಣ್ಣು ಬಿಟ್ಟ ಮೇಲೆ ಮತ್ತೆ ಕೇಳ್ತೀನಿ." ಹೋಗುವಾಗ ನನ್ನ ಕಡೆ ತಿರುಗಿದರು. "ಮೇಡಂ, ನಮ್ಮ ಡಿಪಾರ್ಟ್‌ಮೆಂಟಿಗೆ ಅರ್ಜಿ ಹಾಕಿ. ನೀವೇ ಬರ್ಕೊಳ್ಳಿ."

ಜೀಪು ಹೋಯಿತು. ಬದ್ರುನ್ನೀಸಾ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. "ಬೇಟಿ," ಎಂದರು. ಚಹಾ ಮಾಡಲು ಒಳಗೆ ಹೋದರು. ಸೋಮಶೇಖರಪ್ಪ ಗೇಟಿನ ಕಂಬ ನೋಡಲು ಹೋದರು. ಇವತ್ತಾದರೂ ಸರಿಮಾಡಿಸಬಹುದು ಎಂದು ನಾನು ಅಂದುಕೊಂಡೆ.

ನನಗೆ ಅಳು ಬರುವಷ್ಟು ಸಂತೋಷವಾಗಿತ್ತು. ನಾನು ಬರೆದ ಒಂದು ಕಾಗದ, ನಾನು ನೋಡಿದ ಒಂದು ವಸ್ತು, ಒಬ್ಬ ಹುಡುಗನನ್ನು ಮನೆಗೆ ತರುತ್ತಿತ್ತು.

ಕರಿಬಸಮ್ಮ ನನ್ನ ಪಕ್ಕಕ್ಕೆ ಬಂದು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. ನಗು ತಡೆಯುತ್ತಿದ್ದರು.

"ಏನಮ್ಮಾ?"

"ಯಾರಿಗೂ ಹೇಳಬ್ಯಾಡ ಕಣವ್ವ. ಬದ್ರಮ್ಮನಿಗಂತೂ ಹೇಳ್ಲೇಬ್ಯಾಡ."

"ಇಲ್ಲ, ಹೇಳಿ."

"ಪೊಲೀಸ್ನೋರ ಕಣ್ಣು ನೋಡು ಹೆಂಗೈತೆ! ನಾಲ್ಕು ನಿಂಬೆಹಣ್ಣು ಅಂತ ಬರಕೊಂಡ್ ಹೋಗ್ಬಿಟ್ಟ. ನೀನೂ ನಾಲ್ಕು ಅಂದೆ. ಎಲ್ಲಿ ಬಂತವ್ವ ನಾಲ್ಕು? ನಾನು ಇಟ್ಟಿದ್ದೇ ಮೂರು."

ನನಗೆ ಅರ್ಥವಾಗಲಿಲ್ಲ.

"ಈ ಸಲ ಹಬ್ಬದ ದಿನ ನಿಂಬೆಹಣ್ಣು ಕಮ್ಮಿ ಬಿದ್ವು. ಟ್ರ್ಯಾಕ್ಟರ್‌ಗೆ, ಬೈಕಿಗೆ ಅಂತ ಇವರು ಮೊದಲೇ ಎತ್ಕೊಂಡ್ಬಿಟ್ಟಿದ್ರು. ನನ್ ಕೈಲಿ ಮೂರೇ ಉಳಿದಿದ್ದು. ಸತ್ತೋರ ಕಾರಿಗೆ ಒಂದು ಕಮ್ಮಿ ಇಟ್ಟೆ ಅಂದ್ರೆ ಬದ್ರಮ್ಮ ಏನಂದ್ಕೊಂಡಾಳು? ಹಿತ್ತಲಲ್ಲಿ ತೆಂಗಿನ ಹೀಚು ಉದುರಿತ್ತು. ನಿಂಬೆಹಣ್ಣಿನಷ್ಟೇ ಗಾತ್ರ. ಅದಕ್ಕೊಂದ್ ಚೂರು ಅರಿಶಿನ ಬಳಿದು ಹಿಂದಿನ ಎಡಗಾಲಿ ಕೆಳಗೆ ತಳ್ಬಿಟ್ಟೆ. ಕತ್ತಲು ಮೂಲೆ, ಯಾರ್ ನೋಡ್ತಾರೆ? ಒಣಗಿದ್ಮೇಲೆ ಎರಡೂ ಒಂದೇ ತರ ಕಾಣ್ತವೆ ನೋಡು. ಸಾಹೇಬ್ರು ಓದಿದಾಗ ನಗು ತಡ್ಕೊಳಕ್ಕೆ ಆಗ್ಲಿಲ್ಲ."

ಅವರು ನಗುತ್ತಲೇ ಮನೆಗೆ ಹೋದರು. ತಾವು ಹೇಳಿದ್ದರ ಅರ್ಥ ಏನು ಎಂಬುದು ಅವರಿಗೆ ಗೊತ್ತಿರಲಿಲ್ಲ.

ನಾನು ಶೆಡ್ಡಿಗೆ ಮರಳಿದೆ.

ಮೊಬೈಲಿನ ಬೆಳಕು ತಪ್ಪು ತೋರಿಸಿರಬಹುದು ಎಂದುಕೊಂಡೆ. ಮುಟ್ಟದೆ ನೋಡಿದ್ದು ತಾನೆ. ನಾಲ್ಕನೆಯದು ಹೀಚೇ ಇರಬೇಕು. ಇದ್ದರೆ ಮಹಜರಿನಲ್ಲಿ ಒಂದು ಪದ ತಪ್ಪು, ಅಷ್ಟೇ. ನಾನೇ ಠಾಣೆಗೆ ಹೋಗಿ ತಿದ್ದಿಸಿ ಬರುತ್ತೇನೆ.

ಹಿಂದಿನ ಎಡಚಕ್ರದ ಬಳಿ ಮಂಡಿಯೂರಿದೆ. ಕೈ ಚಾಚಿದೆ, ಹಿಂದಕ್ಕೆ ತೆಗೆದೆ. ಓದಿದವಳು ನೀನು ಎಂದು ನನಗೆ ನಾನೇ ಹೇಳಿಕೊಂಡು ಮತ್ತೆ ಚಾಚಿದೆ. ಬೆರಳಿಗೆ ಸಿಕ್ಕಿದ್ದನ್ನು ಬೆಳಕಿಗೆ ತಂದೆ.

ತೆಂಗಿನ ಹೀಚಿಗೆ ತೊಟ್ಟಿನ ಬಳಿ ಎಸಳಿನಂಥ ಟೊಪ್ಪಿಗೆ ಇರುತ್ತದೆ. ಅದು ನಾರು ನಾರಾಗಿ ಗಡುಸಾಗಿರುತ್ತದೆ. ನನ್ನ ಅಂಗೈಯಲ್ಲಿ ಇದ್ದದ್ದು ಹಗುರ, ತೆಳು ಸಿಪ್ಪೆ, ತುದಿಯಲ್ಲಿ ಸಣ್ಣ ಮೊನೆ. ಅಲ್ಲಾಡಿಸಿದೆ. ಒಳಗೆ ಬೀಜ ಸದ್ದು ಮಾಡಿತು.

ನಿಂಬೆಹಣ್ಣು.

ಇಲಿ ಇರಬಹುದು ಎಂದುಕೊಂಡೆ. ಇಲಿ ಹೀಚನ್ನು ಕಚ್ಚಿಕೊಂಡು ಹೋಗಬಹುದು. ಆದರೆ ಆ ಜಾಗಕ್ಕೆ ಯಾವ ಇಲಿಯೂ ನಿಂಬೆಹಣ್ಣು ತಂದಿಡುವುದಿಲ್ಲ.

ಬೆಳಕನ್ನು ನೆಲಕ್ಕೆ ಹತ್ತಿರ ಹಿಡಿದೆ. ಗುಡಿಸಿದ ಮಣ್ಣಿನಲ್ಲಿ, ಹಣ್ಣು ಇದ್ದ ಜಾಗದಲ್ಲೇ, ಒಂದು ಎಳೆ ನಾರು ನೆಲಕ್ಕೆ ಒತ್ತಿ ಹೂತಿತ್ತು. ಉಗುರಿನಿಂದ ಎತ್ತಿದೆ. ಅರಿಶಿನದ ಬಣ್ಣ ಇನ್ನೂ ಇತ್ತು.

ಚಕ್ರ ಕೆಳಗಿಳಿದಿತ್ತು. ಹೀಚೂ ಮೂರು ನಿಂಬೆಹಣ್ಣೂ ಜಜ್ಜಿಹೋಗಿದ್ದವು. ಆಮೇಲೆ ಯಾರೋ ಎಲ್ಲವನ್ನೂ ಗುಡಿಸಿ, ಪ್ರತಿ ಚಕ್ರಕ್ಕೂ ಒಂದರಂತೆ ನಾಲ್ಕು ನಿಂಬೆಹಣ್ಣು ಇಟ್ಟಿದ್ದರು. ಮೂರೇ ಇದ್ದವು ಎಂದು ಆ ಯಾರಿಗೋ ಗೊತ್ತಿರಲಿಲ್ಲ. ಕರಿಬಸಮ್ಮ ಆ ನಾಚಿಕೆಯನ್ನು ಯಾರಿಗೂ ಹೇಳಿರಲಿಲ್ಲ.

ಆದರೆ ಎರಡೇ ದಿನದಲ್ಲಿ ತಿಂಗಳುಗಟ್ಟಲೆ ಒಣಗಿದ ನಿಂಬೆಹಣ್ಣು ಎಲ್ಲಿಂದ ಬರುತ್ತದೆ?

ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಬದ್ರುನ್ನೀಸಾ ಚಹಾ ಸೋಸುತ್ತಿದ್ದರು. ಬಿಸ್ಕತ್ತಿನ ಡಬ್ಬಿ ಕಟ್ಟೆಯ ಮೇಲೆ ಇತ್ತು.

"ಖಾಲಾ, ಮುಚ್ಚಳಿಕೆ ಒಳಗೆ ಇಟ್ಟುಬಿಡ್ಲಾ?"

"ಇಡು ಬೇಟಿ."

ಮುಚ್ಚಳ ತೆಗೆದೆ. ಎರಡು ವರ್ಷದ್ದು ಎಂದು ಅವರೇ ಹೇಳಿದ್ದರು. ವರ್ಷಕ್ಕೆ ನಾಲ್ಕು. ಡಬ್ಬಿಯಲ್ಲಿ ಎಂಟು ಇರಬೇಕು.

ನಾಲ್ಕು ಇದ್ದವು.

ಮತ್ತೆ ಎಣಿಸಿದೆ. ಕಾಗದದ ಕೆಳಗೆ ನೋಡಿದೆ. ನಾಲ್ಕೇ.

ಇಡೀ ಬೆಳಗ್ಗೆ ನಾನು ವಾದ ಮಾಡಿದ್ದು ನೆನಪಾಯಿತು. ದೃಷ್ಟಿಗೆ ಇಟ್ಟ ನಿಂಬೆಹಣ್ಣನ್ನು ಈ ಊರಿನ ಯಾರೂ ಮುಟ್ಟುವುದಿಲ್ಲ. ಅಶ್ಫಾಕ್ ಮುಟ್ಟುವುದಿಲ್ಲ. ಹೊನ್ನೇಶ್ ಮುಟ್ಟುವುದಿಲ್ಲ. ವಾದ ಸರಿಯಾಗಿತ್ತು. ವರ್ಷಾ ವರ್ಷ ಅವುಗಳನ್ನು ಕೈಯಿಂದ ಎತ್ತಿ ಡಬ್ಬಿಗೆ ಹಾಕುತ್ತಿದ್ದವರು ಒಬ್ಬರೇ.

"ಖಾಲಾ, ಇದರಲ್ಲಿ ಎಂಟು ಇರಬೇಕಲ್ವಾ?"

ಅವರು ಜರಡಿಯನ್ನು ತೊಳೆದು ಮೊಳೆಗೆ ನೇತುಹಾಕಿದರು. ಚಹಾದ ಲೋಟವನ್ನು ನನ್ನ ಮುಂದೆ ಇಟ್ಟರು. ದುಪಟ್ಟಾ ಸರಿಮಾಡಿಕೊಂಡು, ನನ್ನ ಕಣ್ಣನ್ನೇ ನೋಡಿ ಹೇಳಿದರು:

"ಅಶ್ಫಾಕ್‌ಗೆ ಈ ಡಬ್ಬಿ ಇರೋದೇ ಗೊತ್ತಿಲ್ಲ."

ನಾನು ಕೇಳಿದ್ದಕ್ಕೆ ಅದು ಉತ್ತರವಲ್ಲ. ಅದಕ್ಕಿಂತ ದೊಡ್ಡದು: ಚಕ್ರದ ಕೆಳಗೆ ಇಟ್ಟದ್ದು ತಾವೇ ಎಂಬ ಒಪ್ಪಿಗೆ.

"ಸಂಜೆ ಅವನು ಬರ್ತಾನೆ," ಎಂದರು. "ಅವನ ಮುಂದೆ ಇದು ಬೇಡ. ಚಹಾ ಕುಡಿ, ಆರುತ್ತೆ."

ಚಹಾ ಕುಡಿದೆನೋ ಇಲ್ಲವೋ ನೆನಪಿಲ್ಲ. ತರೀಕೆರೆಯ ಬಸ್ಸು ಹತ್ತಿದಾಗ ನನ್ನ ಮುಷ್ಟಿಯಲ್ಲಿ ಆ ನಾರಿನ ಎಳೆ ಇತ್ತು. ಹೊನ್ನೇಶ್ ಅವರ ಕಡತದಲ್ಲಿ ನನ್ನ ಚೆಂದದ ಸಹಿ ಇತ್ತು. ಅದನ್ನು ವಾಪಸ್ ತೆಗೆದುಕೊಂಡರೆ ಅಶ್ಫಾಕ್ ಮತ್ತೆ ಠಾಣೆಗೆ ಹೋಗುತ್ತಾನೆ. ತೆಗೆದುಕೊಳ್ಳದಿದ್ದರೆ ಈರಭದ್ರಪ್ಪನವರನ್ನು ಮೋರಿಗೆ ಕೆಡವಿದವರು ಯಾರೇ ಇರಲಿ, ಅವರಿಗೆ ಬಾಗಿಲು ತೆರೆದುಕೊಟ್ಟವಳು ನಾನು.

ಬದ್ರುನ್ನೀಸಾ ಹತ್ತಿರ ಮೂರು ವರ್ಷದಲ್ಲಿ ಎಷ್ಟೋ ಪ್ರಶ್ನೆ ಕೇಳಿದ್ದೇನೆ. ಹುಟ್ಟಿದ ತಾರೀಕು, ಗಂಡನ ಹೆಸರು, ಕಾರಿನ ಬಣ್ಣ, ನಿಲ್ಲಿಸಿದ ಜಾಗ. ನಿಮಗೆ ಕಾರು ಓಡಿಸಲು ಬರುತ್ತದೆಯೇ ಎಂದು ಮಾತ್ರ ಎಂದೂ ಕೇಳಿಲ್ಲ. ಯಾವ ಅರ್ಜಿಯಲ್ಲೂ ಆ ಕಾಲಂ ಇರಲಿಲ್ಲ. ದುರ್ಗಮ್ಮ ನೋಡಿದ್ದು ತಲೆಯ ಮೇಲೆ ಬಿಳಿಯದು ಏನೋ. ಅಜ್ಜಂಪುರದಲ್ಲಿ ಬಿಳಿ ಟವೆಲ್ ಇದೆ, ಬಿಳಿ ಟೋಪಿ ಇದೆ, ಬಿಳಿ ದುಪಟ್ಟಾ ಇದೆ.

ಕಾರು ಕಲ್ಲಿನಿಂದ ಇಳಿದಿತ್ತು. ನನಗೆ ಗೊತ್ತಿರುವುದು ಅಷ್ಟು. ಇಳಿಸಿದವರು ಯಾರು, ಆ ಬೆಳಗ್ಗೆ ಅದು ಎಲ್ಲಿಗೆ ಹೊರಟಿತ್ತು, ಆ ತಾಯಿ ಮುಚ್ಚಿಡುತ್ತಿರುವುದು ತನ್ನನ್ನೋ ಇನ್ನೊಬ್ಬರನ್ನೋ, ನನಗೆ ಗೊತ್ತಿಲ್ಲ.